ಪ್ರಶ್ನೋತ್ತರ: ಬ್ಯಾಟರಿ ಇಳಿಯುವುದು, ಲೀನ್ ಕೋಡ್, ಕ್ಯಾನ್ ಲೈನ್, ಬಿಸಿಯಾದಾಗ ನಿಲ್ಲುವ ಎಂಜಿನ್

ಪ್ರಶ್ನೆ: ಸರ್, ಬ್ಯಾಟರಿ ಹೊಸದು, 60 ಆಂಪ್ ಅವರ್. ನಾಲ್ಕೈದು ದಿನ ಗಾಡಿ ನಿಲ್ಲಿಸಿದರೆ ಸೆಲ್ಫ್ ಹೊಡೆಯಲ್ಲ, ಕಟಕಟ ಸದ್ದು ಮಾತ್ರ. ಡೈನಮೋ ಚಾರ್ಜಿಂಗ್ 14.2 ವೋಲ್ಟ್ ಬರ್ತಿದೆ. ನೆಗೆಟಿವ್ ಕೇಬಲ್ ಬಿಚ್ಚಿ ಮೀಟರನ್ನು ಸೀರೀಸ್‌ನಲ್ಲಿ ಹಾಕಿದರೆ 1.8 ಆಂಪ್ ತೋರಿಸ್ತು. ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿದೆ, ಪ್ರತಿ ಸಲ ರೀಡಿಂಗ್ ಬೇರೆ ಬೇರೆ. ಯಾವ ಲೈನ್ ಅಂತ ತಿಳಿಯುತ್ತಿಲ್ಲ.

ಉತ್ತರ: 1.8 ಆಂಪ್ ಅನ್ನೋದು ಲೀಕೇಜ್ ಅಲ್ಲ, ಗಾಡಿ ಎಚ್ಚರವಾಗಿರುವಾಗಿನ ಲೆಕ್ಕ. ಈಗಿನ ಗಾಡಿಗಳಲ್ಲಿ ಬಾಗಿಲು ಹಾಕಿ ಲಾಕ್ ಮಾಡಿದ ಮೇಲೂ ಬಾಡಿ ಕಂಟ್ರೋಲ್ ಮಾಡ್ಯೂಲ್ (ಲಾಕ್, ಲೈಟ್ ನೋಡಿಕೊಳ್ಳುವ ಕಂಪ್ಯೂಟರ್), ಸ್ಟೀರಿಯೋ, ಗೇಟ್‌ವೇ (ಗಾಡಿಯ ಬೇರೆ ಬೇರೆ ನೆಟ್‌ವರ್ಕ್ ಜೋಡಿಸುವ ಯೂನಿಟ್) ಇವೆಲ್ಲ ಒಂದಾದಮೇಲೊಂದು ಮಲಗುತ್ತವೆ. ಅದಕ್ಕೆ 20 ನಿಮಿಷದಿಂದ ಒಂದು ಗಂಟೆ ಹಿಡಿಯಬಹುದು. ನೀವು ಕೇಬಲ್ ಬಿಚ್ಚಿ ಮೀಟರ್ ಹಾಕಿದ ಕೂಡಲೇ ಎಲ್ಲವೂ ಮತ್ತೆ ಎದ್ದಿವೆ. ಫ್ಯೂಸ್ ಕಿತ್ತು ಹಾಕಿದಾಗಲೂ ಅದೇ ಕಥೆ. ಅದಕ್ಕೇ ರೀಡಿಂಗ್ ನಿಲ್ಲುತ್ತಿಲ್ಲ.

ಹೀಗೆ ಮಾಡಿ. ಬಾನೆಟ್ ತೆಗೆದು ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಒಳಗಿನ ಫ್ಯೂಸ್ ಬಾಕ್ಸ್ ಇರುವ ಕಡೆಯ ಬಾಗಿಲಿನ ಲಾಚಿಗೂ ಹಾಗೇ ಮಾಡಿ. ಬಾಗಿಲು ಹಾಕಿದೆ ಎಂದು ಗಾಡಿ ನಂಬಬೇಕು. ಸ್ಮಾರ್ಟ್ ಕೀ ಇದ್ದರೆ ಹತ್ತು ಮೀಟರ್ ಆಚೆ ಇಡಿ. ಮೀಟರನ್ನು 10 ಆಂಪ್ ಸಾಕೆಟ್ಟಿಗೆ ಹಾಕಿ, ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಮೊನೆ ಕೇಬಲ್ ಕ್ಲಾಂಪಿಗೆ ಮೊದಲೇ ಹಿಡಿಸಿ, ಆಮೇಲೆ ಕ್ಲಾಂಪ್ ಎತ್ತಿ. ಸಂಪರ್ಕ ಒಂದು ಕ್ಷಣವೂ ತಪ್ಪಬಾರದು. ಈ ಸ್ಥಿತಿಯಲ್ಲಿ ಇಗ್ನಿಷನ್ ಆನ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಒಂದು ಗಂಟೆ ಬಿಟ್ಟು ನೋಡಿ. 50 ಮಿಲಿಆಂಪ್ ಒಳಗೆ ಇಳಿದರೆ ತೊಂದರೆಯಿಲ್ಲ. 300 ಮಿಲಿಆಂಪಿನಲ್ಲಿ ನಿಂತರೆ ದಿನಕ್ಕೆ 7.2 ಆಂಪ್ ಅವರ್ ಹೋಗುತ್ತದೆ, ನಾಲ್ಕು ದಿನಕ್ಕೆ ನಿಮ್ಮ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ. ನೀವು ಹೇಳಿದ ಲಕ್ಷಣಕ್ಕೆ ಅಷ್ಟೇ ಸಾಕು.

ಲೈನ್ ಹುಡುಕಲು ಫ್ಯೂಸ್ ಕೀಳಬೇಡಿ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಕಾಣುತ್ತವಲ್ಲ, ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಎರಡು ಮೊನೆಯನ್ನೂ ಅವಕ್ಕೆ ತಾಗಿಸಿ. ಫ್ಯೂಸಿನ ತಂತಿಗೂ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ, ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ವೋಲ್ಟೇಜ್ ಬಿದ್ದೇ ಬೀಳುತ್ತದೆ. 10 ಆಂಪಿನ ಕೆಂಪು ಫ್ಯೂಸಿಗೆ ಸುಮಾರು 7.5 ಮಿಲಿಓಮ್ ಹಿಡಿಯಿರಿ. 0.1 ಮಿಲಿವೋಲ್ಟ್ ಕಂಡರೆ 13 ಮಿಲಿಆಂಪ್ ಆಸುಪಾಸು. ಮೀಟರ್ 0.1 ಮಿಲಿವೋಲ್ಟ್ ತೋರಿಸುವಂಥದ್ದೇ ಇರಬೇಕು.

ಅದೇ ಸದಸ್ಯರು: ಒಂದು ಗಂಟೆ ಬಿಟ್ಟ ಮೇಲೆ 0.31 ಆಂಪ್ ನಿಂತಿತು. ಒಂದು ಕೆಂಪು ಫ್ಯೂಸಿನ ಮೇಲೆ 2.1 ಮಿಲಿವೋಲ್ಟ್, ಉಳಿದದ್ದೆಲ್ಲ ಸೊನ್ನೆ ಅಥವಾ 0.1. ಆ ಫ್ಯೂಸಿನಲ್ಲಿ ಸ್ಟೀರಿಯೋ, ಒಬಿಡಿ ಸಾಕೆಟ್ (ಸ್ಕ್ಯಾನರ್ ಸಿಕ್ಕಿಸುವ ಜಾಗ), ರಿವರ್ಸ್ ಕ್ಯಾಮೆರಾ ಮೂರೂ ಇವೆ. ಫ್ಯೂಸ್ ಕಿತ್ತು ಹಾಕಿದೆ, ಈಗ 0.03ಕ್ಕೆ ಇಳಿದಿದೆ. ಸರಿಹೋಯ್ತಾ?

ಉತ್ತರ: ಇಲ್ಲ. 2.1ನ್ನು 7.5ರಿಂದ ಭಾಗಿಸಿದರೆ 280 ಮಿಲಿಆಂಪ್, ನಿಮ್ಮ ಕಳ್ಳ ಅದೇ ಲೈನಿನಲ್ಲಿದ್ದಾನೆ. ಫ್ಯೂಸ್ ಕಿತ್ತಾಗ ಮಲಗದೆ ಒದ್ದಾಡುತ್ತಿದ್ದ ಯೂನಿಟ್ ರೀಸೆಟ್ ಆಗಿದೆ ಅಷ್ಟೆ. ಎರಡು–ಮೂರು ಸಲ ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಬಂದಾಗ ಫ್ಯೂಸ್ ಮುಟ್ಟದೆ ಯೂನಿಟ್ ಹತ್ತಿರದ ಕಪ್ಲರ್ (ವೈರ್ ಕನೆಕ್ಟರ್) ಬಿಚ್ಚಿ. ಒಬಿಡಿ ಸಾಕೆಟ್ಟಿನಲ್ಲಿ ಬ್ಲೂಟೂತ್ ಅಡಾಪ್ಟರ್ ಅಥವಾ ಟ್ರ್ಯಾಕರ್ ಸಿಕ್ಕಿಸಿದ್ದೀರಾ? ಮೊದಲು ಅದನ್ನು ತೆಗೆಯಿರಿ. ಕೆಲವು ಅಡಾಪ್ಟರುಗಳು ತಾವು ತಿನ್ನುವುದು ಕಡಿಮೆ, ಆದರೆ ಕ್ಯಾನ್ ಲೈನಿನಲ್ಲಿ (ಮಾಡ್ಯೂಲುಗಳು ಒಂದಕ್ಕೊಂದು ಮಾತಾಡುವ ಎರಡು ವೈರಿನ ಜೋಡಿ) ಪದೇ ಪದೇ ಮೆಸೇಜ್ ಕಳಿಸಿ ಗಾಡಿಯನ್ನೇ ಮಲಗಲು ಬಿಡುವುದಿಲ್ಲ. ಆಮೇಲಿನ ಅನುಮಾನ ಹೊರಗಿನಿಂದ ಹಾಕಿಸಿದ ಸ್ಟೀರಿಯೋ ಮೇಲೆ.

ಇನ್ನೊಬ್ಬರು: ಎಲ್ಲ ಫ್ಯೂಸಿನ ಮೇಲೂ ಸೊನ್ನೆ ಬಂದು, ಲೀಕೇಜ್ ಮಾತ್ರ ಹಾಗೇ ಇದ್ದರೆ?

ಉತ್ತರ: ಬ್ಯಾಟರಿಯಿಂದ ನೇರ ಎಳೆದ ಆಕ್ಸೆಸರಿ ವೈರ್, ಇಲ್ಲವೇ ಡೈನಮೋ ಡಯೋಡ್. ನೆಗೆಟಿವ್ ಕೇಬಲ್ ಬಿಚ್ಚಿ, ಡೈನಮೋದ ದಪ್ಪ ಬಿ ಪ್ಲಸ್ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಇಳಿದರೆ ಡಯೋಡ್ ಲೀಕ್. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟ್ 0.5 ದಾಟಿದರೂ ಅದೇ ಸೂಚನೆ.

ಪ್ರಶ್ನೆ: ಪೆಟ್ರೋಲ್ ಗಾಡಿ, ಕೋಡ್ ಪಿ0171. ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಅಂತಿದ್ದಾರೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಐಡ್ಲಿಂಗಿನಲ್ಲಿ +19, 2500 ಆರ್‌ಪಿಎಂನಲ್ಲಿ +4. ಸೆನ್ಸರ್ ತರಿಸಲಾ?

ಉತ್ತರ: ಬೇಡ. ನಿಮ್ಮ ಉತ್ತರ ಆ ಎರಡು ಅಂಕಿಯಲ್ಲೇ ಇದೆ. ಟ್ರಿಮ್ ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಲೆಕ್ಕ. ಪಿ0171 ಅಂದರೆ ಒಂದನೇ ಬ್ಯಾಂಕಿನಲ್ಲಿ (ಸಿಲಿಂಡರ್ ಸಾಲಿನಲ್ಲಿ) ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಇದಕ್ಕೇ ಲೀನ್ ಅನ್ನುವುದು. ಅದನ್ನು ಪತ್ತೆ ಹಚ್ಚಿದ್ದೇ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಬದಲಾಯಿಸುವ ಅಭ್ಯಾಸ ಬಹಳ ಕಡೆ ಇದೆ. ಕೋಡ್ ಯಾವ ಸರ್ಕ್ಯೂಟ್ ಅಥವಾ ಯಾವ ಸ್ಥಿತಿ ಅಂತ ಹೇಳುತ್ತದೆ, ಯಾವ ಪಾರ್ಟ್ ಅಂತ ಹೇಳುವುದಿಲ್ಲ.

ಐಡ್ಲಿಂಗಿನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಜೋರು. ಆಗ ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯ ಪಾಲು ದೊಡ್ಡದು. ರೇಸ್ ಮಾಡಿದಾಗ ಒಟ್ಟು ಗಾಳಿ ಹೆಚ್ಚುತ್ತದೆ, ಲೀಕಿನ ಪಾಲು ಕರಗುತ್ತದೆ, ಟ್ರಿಮ್ ಇಳಿಯುತ್ತದೆ. ನಿಮ್ಮದು ಇದೇ, ಗಾಳಿ ಲೀಕ್. ಐಡ್ಲಿಂಗಿನಲ್ಲಿ ಸರಿಯಿದ್ದು ಲೋಡಿನಲ್ಲಿ +20 ಹೋಗಿದ್ದರೆ ಫ್ಯೂಯೆಲ್ ಪ್ರೆಷರ್, ಫಿಲ್ಟರ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ಹೋಗಬೇಕಿತ್ತು. ಪ್ಲಸ್ ಮೈನಸ್ 10ರ ಒಳಗಿನ ಟ್ರಿಮ್‌ಗೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಖರ್ಚಿಲ್ಲದ್ದು: ಎಂಜಿನ್ ಓಡುವಾಗ ಪರ್ಜ್ ವಾಲ್ವಿನಿಂದ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್) ಮ್ಯಾನಿಫೋಲ್ಡಿಗೆ ಬರುವ ಹೋಸನ್ನು ಮೆತ್ತಗೆ ಹಿಚುಕಿ ಹಿಡಿದು ಶಾರ್ಟ್ ಟರ್ಮ್ ಟ್ರಿಮ್ ನೋಡಿ. ಥಟ್ಟನೆ ಇಳಿದರೆ ವಾಲ್ವ್ ಮುಚ್ಚುತ್ತಿಲ್ಲ. ಬ್ರೇಕ್ ಬೂಸ್ಟರ್ ಹೋಸಿಗೂ ಹೀಗೇ ಮಾಡಬಹುದು, ಗಾಡಿ ನಿಂತಿರುವಾಗ ಮಾತ್ರ. ನಂತರ ಪಿಸಿವಿ ಹೋಸ್ (ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡಿಗೆ ತರುವ ಪೈಪ್). ಮೇಲಿನಿಂದ ಚೆನ್ನಾಗಿ ಕಾಣುವ ಈ ಹೋಸ್ ಬೆಂಡಿನ ಕೆಳಭಾಗದಲ್ಲಿ, ಆಯಿಲ್ ಕುಡಿದು ಮೆತ್ತಗಾದ ಜಾಗದಲ್ಲೇ ಸೀಳಿರುತ್ತದೆ. ಬೆರಳು ಆಡಿಸಿದರೆ ಸಿಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಏರ್‌ಫ್ಲೋ ಸೆನ್ಸರಿಂದ ಥ್ರಾಟಲ್‌ವರೆಗಿನ ರಬ್ಬರ್ ಪೈಪಿನ ಮಡಿಕೆಗಳನ್ನೂ ಹಿಗ್ಗಿಸಿ ನೋಡಿ. ಇಷ್ಟರಲ್ಲಿ ಸಿಗದಿದ್ದರೆ ಸ್ಮೋಕ್ ಟೆಸ್ಟ್, ಅಂದರೆ ಒಳಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆ ನೋಡುವುದು. ಪ್ರೆಷರ್ 1 ಪಿಎಸ್‌ಐ ದಾಟಿಸಬೇಡಿ, ಸೀಲುಗಳು ಹೋಗುತ್ತವೆ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವವರಿದ್ದಾರೆ, ಬೆಂಕಿ ಹತ್ತುವ ಕೆಲಸ ಅದು.

ಅದೇ ಸದಸ್ಯರು: ಆದರೂ ಆಕ್ಸಿಜನ್ ಸೆನ್ಸರ್ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಉತ್ತರ: ಹಳೇ ಮಾದರಿಯ ಜಿರ್ಕೋನಿಯಾ ಸೆನ್ಸರ್ ಆದರೆ ಬಿಸಿ ಎಂಜಿನ್‌ನಲ್ಲಿ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಓಡಾಡಬೇಕು. ಒಮ್ಮೆ ಜೋರಾಗಿ ರೇಸ್ ಕೊಟ್ಟರೆ 0.8ರ ಮೇಲೆ, ಕಾಲು ತೆಗೆದಾಗ 0.2ರ ಕೆಳಗೆ. ಇದು ಆಗುತ್ತಿದ್ದರೆ ಸೆನ್ಸರ್ ಜೀವಂತವಾಗಿದೆ. ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಅಂಕಿ ಅನ್ವಯಿಸದು, ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ) ನೋಡಿ.

ಮತ್ತೊಂದು ಮಾತು. ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಪ್ರೆಷರ್ ಅಳೆಯುವ ಸೆನ್ಸರ್) ಮೇಲೆ ಮಾತ್ರ ಓಡುವ ಎಂಜಿನ್‌ಗಳಲ್ಲಿ ಲೀಕಾದ ಗಾಳಿಯೂ ಪ್ರೆಷರ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಲ್ಲಿ ಲೀನ್ ಕೋಡಿಗಿಂತ ಐಡ್ಲಿಂಗ್ ಏರಿರುವುದೇ ಸುಳಿವು.

ಪ್ರಶ್ನೆ: ಎರಡನೇ ಸಿಲಿಂಡರ್ ಮಿಸ್ಸಿಂಗ್, ಪಿ0302. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದೆ. ಕಾಯಿಲ್ಲಾ, ಪ್ಲಗ್ಗಾ?

ಉತ್ತರ: ಮಿಣುಕುವ ಲೈಟ್ ಅಂದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತಿದೆ, ಹಾಗೇ ಓಡಿಸಬೇಡಿ. ಎರಡರ ಕಾಯಿಲ್ ಮೂರಕ್ಕೆ, ಎರಡರ ಪ್ಲಗ್ ಒಂದಕ್ಕೆ ಹಾಕಿ. ಎರಡನ್ನೂ ಒಂದೇ ಸಿಲಿಂಡರಿಗೆ ಹಾಕಿದರೆ ಏನೂ ತಿಳಿಯದು. ಕೋಡ್ ಅಳಿಸಿ ಓಡಿಸಿ: ಪಿ0303 ಬಂದರೆ ಕಾಯಿಲ್, ಪಿ0301 ಬಂದರೆ ಪ್ಲಗ್, ಪಿ0302ವೇ ಉಳಿದರೆ ಇಂಜೆಕ್ಟರ್, ಅದರ ವೈರಿಂಗ್ ಅಥವಾ ಕಂಪ್ರೆಷನ್. ಪ್ಲಗ್ ಕುಳಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕದೆ ಹೊಸ ಕಾಯಿಲ್ ಹಾಕಬೇಡಿ, ಅದರ ರಬ್ಬರೂ ಹೋಗುತ್ತದೆ. ಎಂಜಿನ್ ಓಡುವಾಗ ಕಾಯಿಲ್ ಎತ್ತಿ ನೋಡುವುದೂ ಬೇಡ. ಆ ಪರೀಕ್ಷೆ ಬೇಕೇ ಬೇಕೆಂದರೆ ಇಂಜೆಕ್ಟರ್ ಕಪ್ಲರ್ ಬಿಚ್ಚಿ.

ಪ್ರಶ್ನೆ: ಅಣ್ಣಾ, ಗಾಡಿ ಬಿಸಿಯಾದ ಮೇಲೆ ಸುಮ್ಮನೆ ಆಫ್ ಆಗುತ್ತೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್. ಕ್ರ್ಯಾಂಕ್ ಸೆನ್ಸರ್ ಬಿಚ್ಚಿ ಓಮ್ ನೋಡಿದೆ, ಓಪನ್ ತೋರಿಸ್ತಿದೆ. ಸುಟ್ಟಿದೆಯಾ?

ಉತ್ತರ: ಮೂರು ವೈರಿನ ಸೆನ್ಸರಾ? ಹಾಗಾದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಆಯಸ್ಕಾಂತ ಕ್ಷೇತ್ರ ಗುರುತಿಸುವ ಮಾದರಿ), ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ, ಓಮ್ ರೀಡಿಂಗಿಗೆ ಅರ್ಥವಿಲ್ಲ. ಸಪ್ಲೈ 5 ಅಥವಾ 12 ವೋಲ್ಟ್, ಅರ್ತ್, ಸಿಗ್ನಲ್ ಇವು ಮೂರೂ ಬರುತ್ತಿವೆಯೇ ನೋಡಬೇಕು. ಎರಡು ವೈರಿನ ಕಾಯಿಲ್ ಮಾದರಿಗೆ ಮಾತ್ರ ಓಮ್. ಅದನ್ನೂ ತಣ್ಣಗಿದ್ದಾಗ ಅಳೆದರೆ ಸರಿಯಾಗೇ ತೋರಿಸೀತು, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡುತ್ತಾ ಅಳೆಯಿರಿ.

ಅದಕ್ಕಿಂತ ಮುಂಚೆ, ಆಫ್ ಆದ ಸ್ಥಿತಿಯಲ್ಲೇ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದು ಆರ್‌ಪಿಎಂ ಸೊನ್ನೆ ಇದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್. 200ರ ಆಸುಪಾಸು ತೋರಿಸುತ್ತಿದ್ದರೆ ಸೆನ್ಸರ್ ಬಿಟ್ಟು ಫ್ಯೂಯೆಲ್ ಪಂಪ್, ಅದರ ರಿಲೇ ಕಡೆ ಹೋಗಿ. ತಣ್ಣಗಾದ ಮೇಲೆ ಮಾಡಿದ ಯಾವ ಪರೀಕ್ಷೆಯೂ ಪ್ರಯೋಜನಕ್ಕಿಲ್ಲ.

ಪ್ರಶ್ನೆ: ಮಳೆ ಆದ ಮೇಲೆ ಡ್ಯಾಶ್‌ಬೋರ್ಡ್ ತುಂಬಾ ಲೈಟು. ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ಎಲ್ಲಾ. ಸ್ಕ್ಯಾನರಿನಲ್ಲಿ ಬರೀ ಯು ಕೋಡುಗಳು (ಮಾಡ್ಯೂಲುಗಳ ನಡುವಿನ ಸಂಪರ್ಕ ತಪ್ಪಿದಾಗ ಬರುವ ಕೋಡ್). ಒಬಿಡಿ ಸಾಕೆಟ್ಟಿನ 6 ಮತ್ತು 14ರ ನಡುವೆ 120 ಓಮ್ ಬರ್ತಿದೆ.

ಉತ್ತರ: ಬ್ಯಾಟರಿ ಬಿಚ್ಚಿ, ಐದು ನಿಮಿಷ ಬಿಟ್ಟು ಅಳೆದಿದ್ದೀರಿ ಅಂದುಕೊಳ್ಳುತ್ತೇನೆ, ಕರೆಂಟ್ ಇರುವಾಗ ಅಳೆದ ಓಮ್ ಸುಳ್ಳು. 6 ಕ್ಯಾನ್ ಹೈ, 14 ಕ್ಯಾನ್ ಲೋ. ಲೈನಿನ ಎರಡೂ ತುದಿಯಲ್ಲಿ 120 ಓಮಿನ ಟರ್ಮಿನೇಟರ್ (ತುದಿಯ ರೆಸಿಸ್ಟರ್) ಇರುತ್ತದೆ, ಎರಡೂ ಪ್ಯಾರಲಲ್ ಸೇರಿ 60 ಬರಬೇಕು. 120 ಅಂದರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ಶಾರ್ಟ್.

ಆದರೆ ವೈರಿಂಗ್ ಡಯಾಗ್ರಾಂ ತೆಗೆದು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮ ಗಾಡಿಯಲ್ಲಿ ಗೇಟ್‌ವೇ ಇದ್ದರೆ ಸಾಕೆಟ್ಟಿನಲ್ಲಿ ಕಾಣುವುದು ಸ್ಕ್ಯಾನರಿಂದ ಗೇಟ್‌ವೇವರೆಗಿನ ತುಂಡು ಮಾತ್ರ. ಆಗ ಎಬಿಎಸ್, ಸ್ಟೀರಿಂಗ್ ಇರುವ ಲೈನನ್ನು ಆಯಾ ಮಾಡ್ಯೂಲಿನ ಕಪ್ಲರಿನಲ್ಲೇ ಅಳೆಯಬೇಕು. ಗೇಟ್‌ವೇ ಇಲ್ಲದಿದ್ದರೆ ಟರ್ಮಿನೇಟರ್ ಇರುವ ಎರಡು ಮಾಡ್ಯೂಲ್ ಯಾವುವೆಂದು ಡಯಾಗ್ರಾಂನಲ್ಲಿ ಗುರುತಿಸಿ, ಒಂದೊಂದರ ಕಪ್ಲರ್ ಬಿಚ್ಚಿ ಸಾಕೆಟ್ಟಿನಲ್ಲಿ ಮತ್ತೆ ಅಳೆಯಿರಿ. ಬಿಚ್ಚಿದಾಗ 120 ಮಾಯವಾಗಿ ಓಪನ್ ಆದರೆ ಆ ಕಡೆ ಸರಿಯಿದೆ. ಬಿಚ್ಚಿದರೂ 120 ಹಾಗೇ ಇದ್ದರೆ ಕಳಚಿದ ತುದಿ ಅದೇ. ಮಳೆ ಎಂದಿರಿ, ಹಾಗಾಗಿ ಬಾನೆಟ್ ಕೆಳಗಿನ ಕಪ್ಲರ್ ಮೊದಲು: ಹಸಿರು ಕಿಲುಬು ಹಿಡಿದ ಪಿನ್, ರಬ್ಬರ್ ಸೀಲ್ ಜಾರಿದ ವೈರ್.

ವೈರ್ ಕತ್ತರಿಸಿ ಜೋಡಿಸಬೇಕಾದರೆ ಕಿಲುಬು ಕಂಡಲ್ಲಿಂದ ಹಿಂದಕ್ಕೆ, ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಿ. ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಎರಡು ಜಾಯಿಂಟ್ ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿ, ಕ್ಯಾನ್ ಜೋಡಿಯ ಹೊಸೆತ ಮೊದಲಿನಷ್ಟೇ ಇರಲಿ. ಹೊಸೆತ ಬಿಚ್ಚಿದ ಉದ್ದ ಹೆಚ್ಚಾದಷ್ಟೂ ಕಾಯಿಲ್, ಡೈನಮೋ ಹತ್ತಿರದ ನಾಯ್ಸ್ ಒಳಗೆ ಬರುತ್ತದೆ.

ಇನ್ನೊಬ್ಬರು: ಬ್ಯಾಟರಿ ವೀಕ್ ಇದ್ದರೂ ಯು ಕೋಡ್ ಬರುತ್ತಲ್ಲಾ ಸರ್?

ಉತ್ತರ: ಬರುತ್ತದೆ, ಅದನ್ನು ಮೊದಲೇ ನೋಡಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮಾಡ್ಯೂಲುಗಳು ರೀಸೆಟ್ ಆಗಿ ಒಂದನ್ನೊಂದು ದೂರುತ್ತವೆ. ಅದೇ ಹೊತ್ತಿನಲ್ಲಿ ಎಂಜಿನ್ ಬ್ಲಾಕಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ ವೋಲ್ಟೇಜ್ ಡ್ರಾಪ್ ಅಳೆಯಿರಿ. ಅರ್ಧ ವೋಲ್ಟ್ ಬಂದರೆ ಅರ್ತ್ ಪಟ್ಟಿ ಬಿಚ್ಚಿ ಉಜ್ಜಬೇಕು. ಕಂಟಿನ್ಯುಟಿ ಬೀಪ್ ನಂಬಬೇಡಿ. ಒಂದೇ ಎಳೆ ಉಳಿದ ಅರ್ತ್ ಕೇಬಲ್ಲಿಗೂ ಮೀಟರ್ ಬೀಪ್ ಅನ್ನುತ್ತದೆ.

ಪ್ರಶ್ನೆ: ಒಟ್ಟಿಗೇ ಮೂರು ಕೋಡ್: ಆಕ್ಸಿಲರೇಟರ್ ಪೆಡಲ್, ಮ್ಯಾಪ್ ಸೆನ್ಸರ್, ಎಸಿ ಪ್ರೆಷರ್ ಸೆನ್ಸರ್. ಇಸಿಯು (ಎಂಜಿನ್ ಕಂಪ್ಯೂಟರ್) ಹೋಗಿದೆ ಅಂತಾರೆ.

ಉತ್ತರ: ಮೂರಕ್ಕೂ 5 ವೋಲ್ಟ್ ರೆಫರೆನ್ಸ್ (ಇಸಿಯು ಸೆನ್ಸರುಗಳಿಗೆ ಕೊಡುವ ಸಪ್ಲೈ) ಒಂದೇ ಇರಬೇಕು. ಇಗ್ನಿಷನ್ ಆನ್ ಮಾಡಿ ಮ್ಯಾಪ್ ಸೆನ್ಸರ್ ಕಪ್ಲರಿನ ರೆಫರೆನ್ಸ್ ಪಿನ್ನಿನಲ್ಲಿ ಮೀಟರ್ ಇಟ್ಟು, ಉಳಿದ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಎಳೆದು ಕೂತಿದೆ. ಎಲ್ಲ ಬಿಚ್ಚಿದರೂ ಬರದಿದ್ದರೆ ವೈರಿಂಗ್ ಶಾರ್ಟ್. ಅದೂ ಇಲ್ಲವೆಂದಾದ ಮೇಲೆ ಇಸಿಯು ಮಾತು.

ಅದೇ ಸದಸ್ಯರು: ಎಸಿ ಪ್ರೆಷರ್ ಸೆನ್ಸರ್ ಬಿಚ್ಚಿದ ತಕ್ಷಣ 4.98 ಬಂತು. ಬದಲಾಯಿಸೋಕೆ ಗ್ಯಾಸ್ ಎಲ್ಲಾ ಬಿಡಬೇಕಾ?

ಉತ್ತರ: ಕಪ್ಲರ್ ಒಳಗೆ ನೀರು ನಿಂತಿಲ್ಲ ಅಂತ ಮೊದಲು ನೋಡಿ, ಒಣಗಿಸಿ ಮತ್ತೆ ಹಾಕಿ. ಮತ್ತೂ ಬಿದ್ದರೆ ಸೆನ್ಸರ್ ಹೋಗಿದೆ. ಬಹಳಷ್ಟು ಗಾಡಿಗಳಲ್ಲಿ ಸೆನ್ಸರ್ ಕೆಳಗೆ ಟೈರಿನ ಪಿನ್ನಿನಂಥ ವಾಲ್ವ್ ಇರುತ್ತದೆ, ಅಂಥದ್ದರಲ್ಲಿ ಗ್ಯಾಸ್ ಬಿಡದೆ ಬದಲಾಯಿಸಬಹುದು. ಕೆಲವದರಲ್ಲಿ ಇರುವುದಿಲ್ಲ, ಸರ್ವಿಸ್ ಮ್ಯಾನುಯಲ್ ನೋಡದೆ ತಿರುಗಿಸಬೇಡಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಹೊಸ ಓ ರಿಂಗಿಗೆ ಎಸಿ ಆಯಿಲ್ ಸವರಿ ಕೂರಿಸಿ.