ತಲೆ ಮೇಲಿನ ಒಂದಿಂಚು

"ಬೋರು 1,500 ಅಡಿ ಇಳೀತು ಮೇಷ್ಟ್ರೇ, ಬಂದಿದ್ದು ಬರೀ ಧೂಳು," ಅಂತ ಮುನಿವೆಂಕಟಪ್ಪ ಟೀ ಲೋಟ ಕುಕ್ಕಿದ. ಕೋಲಾರದ ಎಪಿಎಂಸಿ ಪಕ್ಕದ ಅಂಗಡಿ ಅದು. ಟೊಮೇಟೊ ಹರಾಜು ಮುಗಿದ ಮೇಲೆ ನಮ್ಮ ಸಭೆ ಅಲ್ಲೇ.

"ಕೆಳಗೇನು ಹುಡುಕ್ತೀಯಪ್ಪ, ನೀರು ನಿನ್ನ ತಲೆ ಮೇಲೇ ಇದೆ," ಅಂದರು ವಿಜ್ಞಾನದ ಮೇಷ್ಟ್ರು. "ಗಾಳೀಲಿರೋ ಆವಿಯನ್ನೆಲ್ಲ ಹಿಂಡಿದರೆ, ಇಡೀ ಭೂಮಿಗೆ ಸರಾಸರಿ 25 ಮಿಲಿಮೀಟರ್. ಒಂದಿಂಚು! ಅದನ್ನ ಅಳೆಯೋ ಉಪಗ್ರಹಗಳೂ ಇವೆ. ನಾಸಾದೋರು 1999ರಲ್ಲಿ ಟೆರ್ರಾ ಅಂತ ಒಂದು ಹಾರಿಸಿದರು, 705 ಕಿಲೋಮೀಟರ್ ಎತ್ತರಕ್ಕೆ."

"ಪಕ್ಕದಲ್ಲೇ ಇದ್ದರೂ ಕಾಣದ ಆವಿ ಅಲ್ಲಿಂದ ಹೆಂಗೆ ಕಾಣುತ್ತೆ?" ಲಾರಿ ಬಾಬು ಸುಮ್ಮನೆ ಬಿಡೋನಲ್ಲ.

"ನೆಲಕ್ಕೆ ಬಡಿದ ಬಿಸಿಲು ವಾಪಸ್ ಮೇಲಕ್ಕೆ ಹೋಗುತ್ತಲ್ಲ, ಅದರಲ್ಲಿ 940 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ನೀರಾವಿ ನುಂಗುತ್ತೆ. 865ರದನ್ನು ಹೆಚ್ಚುಕಮ್ಮಿ ಮುಟ್ಟೋದೇ ಇಲ್ಲ. ಎರಡನ್ನೂ ತಾಳೆ ನೋಡಿದರೆ ಆವಿ ಎಷ್ಟಿದೆ ಅಂತ ಸಿಗುತ್ತೆ."

"ಅಂದ್ರೆ ಎರಡು ಲೋಡು ಟೊಮೇಟೊ ಒಟ್ಟಿಗೆ ಹೊರಟವು. ಒಂದು ಪೂರ್ತಿ ಬಂತು, ಇನ್ನೊಂದರಲ್ಲಿ ಬಾಕ್ಸ್ ಕಮ್ಮಿ. ದಾರೀಲಿ ಕಳ್ಳರು ಎಷ್ಟಿದ್ದಾರೆ ಅಂತ ಲೆಕ್ಕ!"

ಮೇಷ್ಟ್ರ ಪಾಠಕ್ಕಿಂತ ಬಾಬುವಿನದೇ ಚೆನ್ನಾಗಿತ್ತು. ಮೇಷ್ಟ್ರ ಎದುರಿಗೆ ಹಾಗನ್ನೋ ಧೈರ್ಯ ಯಾರಿಗಿದೆ?

"ಈ ಕ್ರಷರ್ ಧೂಳು ಅಡ್ಡ ಬಂದ್ರೆ?" ಮುನಿವೆಂಕಟಪ್ಪ ಕೇಳಿದ.

"ಅಲ್ಲೇ ಪಂಚಾಯ್ತಿ ಶುರು. ಧೂಳು, ಹೊಗೆ ಇದ್ದರೆ ಒಂದಷ್ಟು ಬೆಳಕು ನೆಲ ಮುಟ್ಟೋ ಮೊದಲೇ ಚದುರಿ ಮೇಲಕ್ಕೆ ತಿರುಗಿಬಿಡುತ್ತೆ. ಆವಿ ಜಾಸ್ತಿ ಇರೋದು ಕೆಳಗಿನ ಎರಡು ಮೂರು ಕಿಲೋಮೀಟರಲ್ಲಿ. ಅಲ್ಲಿಗೇ ಹೋಗದ ಬೆಳಕಿಗೆ ಅಲ್ಲಿನ ಸಮಾಚಾರ ಏನು ಗೊತ್ತು? ಎಷ್ಟೋ ಸಲ ಲೆಕ್ಕ ಕಮ್ಮಿ ಬೀಳುತ್ತೆ. ಅದಕ್ಕೇ ಧೂಳನ್ನೂ ಅಳೀತಾರೆ. ನಮ್ಮ ಕೆಮ್ಮಣ್ಣು ನೀಲಿ ಬೆಳಕಲ್ಲಿ ಮಂಕಾಗಿ ಕಾಣುತ್ತೆ. ಅದರ ಮೇಲೆ ಹೆಚ್ಚಿಗೆ ಹೊಳೆದದ್ದು ಧೂಳಿನ ಬಾಬ್ತು."

"ಮೋಡ ಕವಿದರೆ?"

"ಅದರ ಕೆಳಗಿಂದು ಕಾಣಲ್ಲ."

"ರಾತ್ರಿ?"

"ಬಿಸಿಲಿಲ್ಲದೆ ಈ ಉಪಾಯ ನಡೆಯಲ್ಲ."

"ಮಳೆ ಬರೋ ದಿನ ಕಣ್ಣು ಕಾಣಲ್ಲ, ಸಂಜೆ ಆದ್ರೆ ಕೆಲಸ ಬಂದ್. ಪಕ್ಕಾ ಸರ್ಕಾರಿ ನೌಕರಿ," ಅಂದ ಬಾಬು.

ಮುನಿವೆಂಕಟಪ್ಪ ಮಾತ್ರ ಬೆರಳು ಮಡಚುತ್ತಿದ್ದ. "ಎಕರೆಗೆ ಒಂದಿಂಚು ಅಂದ್ರೆ ಎಷ್ಟು ಲೀಟರು?"

"ಹತ್ತಿರ ಹತ್ತಿರ ಒಂದು ಲಕ್ಷ."

"ಎರಡೆಕರೆಗೆ ಎರಡು ಲಕ್ಷ. ಐದು ಸಾವಿರದ ಟ್ಯಾಂಕರು ನಲವತ್ತು!" ಎದ್ದು ನಿಂತು ಟವಲ್ ಕೊಡವಿದ. "ಪಹಣೀಲಿ ಆಕಾಶಾನೂ ಸೇರಿಸ್ಬೇಕು ಅಂದ್ರೆ ತಾಲ್ಲೂಕು ಕಚೇರೀಲಿ ಯಾರನ್ನ ನೋಡ್ಬೇಕು ಮೇಷ್ಟ್ರೇ?"