ಉಪ್ಪು ನೀರಲ್ಲಿ ಕಟ್ಟಿಡುವ ಫೈಬರ್ ದೋಣಿ: ತೊಳೆಯೋದು, ನೋಡಿಕೊಳ್ಳೋದು ಹೇಗೆ?

ಬೆಂಗ್ರೆ ಮನೆ:
ಎಲ್ಲರಿಗೂ ನಮಸ್ಕಾರ. ಕೋಡಿ ಬೆಂಗ್ರೆ ಹತ್ತಿರ ನಮ್ಮದೊಂದು 16 ಅಡಿ ಫೈಬರ್ ದೋಣಿ ಇದೆ. ಹಿಂಬದಿಗೆ ಹೊರಗಿಂದ ಸಿಕ್ಕಿಸುವ 25 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಮೀನಿಗೆ ಹೋಗುವ ದೋಣಿ ಅಲ್ಲ, ರಜೆಯಲ್ಲಿ ಮನೆಯವರೆಲ್ಲ ಸೀತಾ ನದಿಯಲ್ಲಿ ಸುತ್ತಾಡಲಿಕ್ಕೆ, ಅಪರೂಪಕ್ಕೆ ಅಳಿವೆಯವರೆಗೆ. ಸೀಸನ್ ಪೂರ್ತಿ ನೀರಲ್ಲೇ ಕಟ್ಟಿರುತ್ತೇವೆ. ಈಗ ನೀರು ತಾಗುವ ಕಡೆ ಸುತ್ತಲೂ ಕಂದು ಗೆರೆ ಬಿದ್ದಿದೆ, ಅಡಿಯಲ್ಲಿ ಚಿಪ್ಪು ಕಚ್ಚಿಕೊಂಡಿದೆ, ಇಂಜಿನ್ ಬ್ರಾಕೆಟ್ ಮೇಲೆ ಬಿಳಿ ಪುಡಿ ಕಾಣಿಸ್ತಿದೆ. ಒಬ್ಬರು ಟಾಯ್ಲೆಟ್ ಕ್ಲೀನರ್ ಹಾಕಿ ಉಜ್ಜಿ ಅಂತಾರೆ, ಇನ್ನೊಬ್ಬರು ಪಾಲಿಶ್ ಮಾಡಿಸಿ ಅಂತಾರೆ. ಮೊದಲು ಯಾವುದಕ್ಕೆ ಕೈ ಹಾಕಬೇಕು? ಮಳೆಗಾಲಕ್ಕೆ ಮೇಲೆ ಎಳೆಯುವ ಮುಂಚೆ ಏನೇನು ಮಾಡಬೇಕು?

ಗಂಗೊಳ್ಳಿ ಮೋಟರ್:
ಮಾರಾಯ್ರೆ, ಕಂದು ಗೆರೆ ಇನ್ನೂ ಒಂದು ತಿಂಗಳು ಹಾಗೇ ಇದ್ದರೂ ದೋಣಿಗೆ ಏನೂ ಆಗೋದಿಲ್ಲ. ಇಂಜಿನ್ ಕಡೆ ಮೊದಲು ನೋಡಿ. ಇಂಜಿನ್ ತಣ್ಣಗಿರಲಿ ಅಂತ ಎಳೆದುಕೊಳ್ಳುವ ಉಪ್ಪು ನೀರು ಒಳಗೆ ಓಡಾಡುವಾಗ ಅಷ್ಟು ತೊಂದರೆ ಇಲ್ಲ, ದಡಕ್ಕೆ ಬಂದು ನಿಲ್ಲಿಸಿದ ಮೇಲೆ ಅದು ಒಳಗೇ ಒಣಗುತ್ತದಲ್ಲ, ಆಗ ಉಪ್ಪು ಗಟ್ಟಿಯಾಗಿ ನೀರು ಹೋಗುವ ದಾರಿಯಲ್ಲೇ ಕೂತುಬಿಡುತ್ತದೆ, ಆಮೇಲೆ ಇಂಜಿನ್ ಬಿಸಿಯಾಗಲು ಶುರು. ಅದಕ್ಕೇ ಹೋಗಿ ಬಂದ ದಿನವೇ ಸಿಹಿ ನೀರು ಹಾಯಿಸಬೇಕು, ಹತ್ತು ಹದಿನೈದು ನಿಮಿಷ. ನಾಳೆ ಮಾಡೋಣ ಅನ್ನೋದು ಬೇಡ.

ನೀರು ಎಳೆಯುವ ಜಾಗಕ್ಕೆ ಎರಡೂ ಕಡೆಯಿಂದ ಕಚ್ಚಿಸುವ ರಬ್ಬರ್ ಮಫ್ ಸಿಗುತ್ತದೆ. ಅದಕ್ಕೆ ಪೈಪ್ ಸಿಕ್ಕಿಸಿ, ನೀರು ಬಿಟ್ಟು, ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡಿಸಿ. ನೀರಿಲ್ಲದೆ ಸ್ಟಾರ್ಟ್ ಮಾಡಲೇಬೇಡಿ, ಒಳಗಿನ ರಬ್ಬರ್ ಇಂಪೆಲ್ಲರ್ (ನೀರು ಎಳೆಯುವ ಪಂಪಿನ ಚಕ್ರ) ಒಣಗಿ ತಿರುಗಿದರೆ ಬಹಳ ಬೇಗ ಸುಟ್ಟು ಹೋಗುತ್ತದೆ. ಇಂಜಿನ್‌ನಲ್ಲೇ ಪೈಪ್ ಜೋಡಿಸುವ ಜಾಗ ಇದ್ದರೆ ಲೆಕ್ಕ ಬೇರೆ. ಹೆಚ್ಚಿನ ಇಂಜಿನ್‌ಗಳಲ್ಲಿ ಅಲ್ಲಿಂದ ನೀರು ಬಿಡುವಾಗ ಆಫ್ ಮಾಡಿಯೇ ಇರಬೇಕು, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ, ಓದಿ.

ಹಿಂದಿನಿಂದ ಸಣ್ಣಗೆ ನೀರು ಚಿಮ್ಮುತ್ತದಲ್ವಾ, ಅದರ ಮೇಲೆ ಯಾವಾಗಲೂ ಕಣ್ಣಿರಲಿ. ಜೋರು ಕಮ್ಮಿಯಾದರೆ ಇಂಜಿನ್ ನಿಲ್ಲಿಸಿ, ಗಟ್ಟಿ ನೈಲಾನ್ ಗಾಳದ ದಾರದಲ್ಲಿ ಆ ತೂತು ಚುಚ್ಚಿ ನೋಡಿ. ಮಣ್ಣೋ ಹುಳದ ಗೂಡೋ ಇದ್ದರೆ ಬರುತ್ತದೆ. ಅದರಿಂದಲೂ ಸರಿಯಾಗದಿದ್ದರೆ ಇಂಪೆಲ್ಲರ್ ಬದಲಿಸುವ ಹೊತ್ತು ಬಂದಿದೆ.

ಬ್ರಾಕೆಟ್ ಮೇಲಿನ ಬಿಳಿ ಪುಡಿ ಬರೀ ಉಪ್ಪಾದರೆ ನೀರಲ್ಲಿ ಕರಗುತ್ತದೆ. ತೊಳೆದ ಮೇಲೂ ಉಳಿದು ಪೇಂಟ್ ಉಬ್ಬಿದ್ದರೆ ಅಲ್ಯೂಮಿನಿಯಂ ಸವೆಯುತ್ತಿದೆ ಅಂತಲೇ. ಕೆಳಗೆ ಬೋಲ್ಟ್ ಹಾಕಿರುವ ಆನೋಡ್ ತುಂಡು ನೋಡಿ. ಇಂಜಿನ್ ಬದಲು ತಾನು ಸವೆಯಲಿ ಅಂತಲೇ ಅದನ್ನು ಇಟ್ಟಿರೋದು. ಅರ್ಧ ಸವೆದಿದ್ದರೆ ಹೊಸದು ಹಾಕಿ, ಅದರ ಮೇಲೆ ಮಾತ್ರ ಪೇಂಟ್ ಬಳಿಯಬೇಡಿ.

ಶರಾವತಿ ತೀರ:
ಇಂಜಿನ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಚಿಪ್ಪನ್ನು ಸಣ್ಣದು ಅಂತ ಬಿಡಬೇಡಿ. ದೋಣಿ ಭಾರವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊನ್ನಾವರದ ಕಡೆ ನಮ್ಮದೂ ಹಿನ್ನೀರಲ್ಲೇ ಇರುತ್ತದೆ. ಚಿಪ್ಪು ಎಳೆಯದಾಗಿರುವಾಗಲೇ ತೆಗೆದುಬಿಡಬೇಕು. ಸಾಸಿವೆ ಕಾಳಿನಷ್ಟಿದ್ದಾಗ ಒರಟು ಬಟ್ಟೆಯಲ್ಲಿ ಉಜ್ಜಿದರೂ ಹೋಗುತ್ತದೆ. ಬಲಿತ ಮೇಲೆ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಲ್ಲಿ ಹೆರೆಯಬೇಕು. ದೋಣಿ ಮೇಲೆ ಎಳೆದ ತಕ್ಷಣ, ಒದ್ದೆ ಇರುವಾಗಲೇ ಹೆರೆಯಿರಿ, ಒಂದು ವಾರ ಬಿಸಿಲಲ್ಲಿ ಒಣಗಿಸಿದರೆ ಬುಡದ ಬಿಳಿ ಉಂಗುರ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಕಬ್ಬಿಣದ ಬ್ರಷ್ ಬೇಡವೇ ಬೇಡ, ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಗೀರು ಬಿದ್ದರೆ ಮುಂದಿನ ಸಲ ಚಿಪ್ಪಿಗೆ ಹಿಡಿದುಕೊಳ್ಳಲು ಇನ್ನೂ ಸಲೀಸು.

ನೀರಲ್ಲೇ ಇಡುವುದಾದರೆ ಅಡಿಗೆ ತಾಮ್ರ ಸೇರಿದ, ಚಿಪ್ಪು ಹತ್ತದ ಹಾಗೆ ತಡೆಯುವ ಆ್ಯಂಟಿಫೌಲಿಂಗ್ ಪೇಂಟ್ ಹಾಕಿಸಿ. ಇಂಜಿನ್ ಕಾಲಿಗೆ (ನೀರಿಗೆ ಇಳಿಯುವ ಕೆಳಭಾಗಕ್ಕೆ) ಅದು ತಾಗಬಾರದು, ತಾಮ್ರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಕಟ್ಟಿಟ್ಟಾಗ ಇಂಜಿನ್ ಎತ್ತಿ ಇಡಿ, ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಕಂದು ಗೆರೆಗೆ ಆಕ್ಸಾಲಿಕ್ ಆಸಿಡ್ ಪುಡಿ ನೀರಲ್ಲಿ ಕಲಸಿ, ಕೈಗವಸು ಹಾಕಿಕೊಂಡು ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಟಾಯ್ಲೆಟ್ ಕ್ಲೀನರ್‌ನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಗೆರೆಯ ಜೊತೆಗೆ ಹೊಳಪೂ ಹೋಗುತ್ತದೆ. ಅದರ ಜೊತೆ ಬ್ಲೀಚಿಂಗ್ ಪುಡಿ ಬೆರೆಸುವವರನ್ನೂ ಕಂಡಿದ್ದೇನೆ, ಕ್ಲೋರಿನ್ ಗಾಳಿ ಏಳುತ್ತದೆ, ಜೀವಕ್ಕೇ ಅಪಾಯ. ದಯವಿಟ್ಟು ಬೇಡ. ಪಾಲಿಶ್, ವ್ಯಾಕ್ಸ್ ಎಲ್ಲ ಕೊನೆಗೆ ಮಾಡಿ.

ಬೆಂಗ್ರೆ ಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಮನೆ ಬಾವಿ ನದಿ ಪಕ್ಕದಲ್ಲೇ ಇದೆ. ಆ ನೀರು ಹಾಯಿಸಿದರೆ ಸಾಕಲ್ವಾ? ಮತ್ತೆ ಪೆಟ್ರೋಲ್ ಖಾಲಿ ಮಾಡಿ ಇಡಬೇಕಾ, ತುಂಬಿಸಿ ಇಡಬೇಕಾ?

ಗಂಗೊಳ್ಳಿ ಮೋಟರ್:
ಒಳ್ಳೇದು ಕೇಳಿದಿರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬದಿಯ ಬಾವಿಗಳ ನೀರೇ ಉಪ್ಪಾಗುತ್ತದೆ. ಪೈಪ್ ಸಿಕ್ಕಿಸುವ ಮುಂಚೆ ಒಂದು ಹನಿ ನಾಲಿಗೆಗೆ ಹಾಕಿ ನೋಡಿ. ಚಪ್ಪೆ ಇದ್ದರೆ ಸರಿ, ಉಪ್ಪು ಹತ್ತಿದರೆ ನಳ್ಳಿ ನೀರನ್ನು ಡ್ರಮ್‌ನಲ್ಲಿ ತುಂಬಿ, ನೀರು ಎಳೆಯುವ ತೂತು ಪೂರ್ತಿ ಮುಳುಗುವ ಹಾಗೆ ಇಂಜಿನ್ ಇಳಿಸಿ ಓಡಿಸಿ. ಪ್ರೊಪೆಲ್ಲರ್ ಬಿಚ್ಚಿಟ್ಟುಕೊಂಡರೆ ಧೈರ್ಯ.

ಹೇಗೂ ಬಿಚ್ಚಿದ್ದೀರಿ ಅಂದ ಮೇಲೆ ಶಾಫ್ಟ್‌ಗೆ ಗಾಳದ ದಾರ ಸುತ್ತಿಕೊಂಡಿದೆಯಾ ನೋಡಿ, ಅದು ಗೇರ್ ಒಳಗೆ ನೀರು ಹೋಗದಂತೆ ತಡೆಯುವ ಸೀಲ್ ಕೊಯ್ಯುತ್ತದೆ. ಗೇರ್ ಆಯಿಲ್ ಸ್ವಲ್ಪ ಹೊರಗೆ ಬಿಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ, ಸೀಲ್ ಬದಲಿಸದೆ ಮಳೆಗಾಲ ಕಳೆಯಬೇಡಿ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಈಗ ಬಂಕ್‌ಗಳಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿದ್ದು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವಾ! ಬೇರೆಯಾಗಿ ಎತ್ತಿ ಒಯ್ಯುವ ಟ್ಯಾಂಕ್ ಆದರೆ ಪೂರ್ತಿ ಖಾಲಿ ಮಾಡಿ, ಆ ಪೆಟ್ರೋಲ್ ಬೈಕಿಗೆ ಹಾಕಿ ಮುಗಿಸಿ. ಕಾರ್ಬುರೇಟರ್ ಇರುವ ಇಂಜಿನ್ ಆದರೆ ಅದರ ಬಟ್ಟಲನ್ನೂ ಖಾಲಿ ಮಾಡಿ.

ಶರಾವತಿ ತೀರ:
ಇನ್ನೊಂದು. ದೋಣಿ ಮೇಲೆ ಇಟ್ಟಾಗ ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿ, ಮೂತಿ ಸ್ವಲ್ಪ ಎತ್ತರಕ್ಕೆ ಇರಲಿ. ಟಾರ್ಪಾಲ್ ಬಿಗಿಯಾಗಿ ಸುತ್ತಬೇಡಿ, ಗಾಳಿ ಆಡಲು ಜಾಗ ಬಿಡಿ. ಬ್ಯಾಟರಿ, ಲೈಫ್ ಜಾಕೆಟ್ ಮನೆಯೊಳಗೆ. ಜಾಕೆಟ್ ಸಿಹಿ ನೀರಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ, ಬೂಷ್ಟು ಬಂದರೆ ಸೋಪಿನ ನೀರು ಸಾಕು, ಬ್ಲೀಚ್ ಹಾಕಿದರೆ ಹೊಲಿಗೆ ಕೊಳೆಯುತ್ತದೆ. ಜೂನ್‌ಗೆ ಕಾಯಬೇಡಿ, ಮೇ ಕೊನೆಯ ವಾರದೊಳಗೆ ಎಳೆದುಬಿಡಿ. ಆಮೇಲೆ ಟ್ರೇಲರ್ ಎಳೆಯೋಕೆ ಜನ ಸಿಗೋದೂ ಕಷ್ಟ.