ದಾನವಾಗಿ ಬಂದ ಬೆಂಕಿ ನಂದಿಸುವ ಸಿಲಿಂಡರ್‌ಗಳ ಬಗ್ಗೆ ಸಹಾಯ ಬೇಕು

ಸೋಮವಾರಪೇಟೆ ಸಮೀಪದ ನಮ್ಮ ಊರಿನ ಅಂಗಡಿಯವರು ಸೇರಿ, ಸೌದೆ ಒಲೆಯ ಪಕ್ಕದಲ್ಲೇ ಗ್ಯಾಸ್ ಇಟ್ಟುಕೊಂಡಿರುವ ತೋಟದ ಕಾರ್ಮಿಕರ ಲೈನ್ ಮನೆಗಳಿಗೆಂದು, 2 ಕೆ.ಜಿ.ಯ ಹದಿನೆಂಟು ಎಬಿಸಿ ಪುಡಿಯ ಸಿಲಿಂಡರ್‌ಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಕಟ್ಟಿಗೆ, ಪೆಟ್ರೋಲ್, ಗ್ಯಾಸ್ ಬೆಂಕಿಗೆಲ್ಲ ಇವು ಒದಗುತ್ತವೆ. ಆದರೆ ಅವುಗಳಲ್ಲಿ ಆರರ ಮೇಲೆ ತಯಾರಿಕೆಯ ವರ್ಷ 2019 ಎಂದಿದ್ದು, ಒಳಗಿನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲೇ ನಿಂತಿದ್ದರೂ, ತಲೆಕೆಳಗು ಮಾಡಿ ಅಲುಗಾಡಿಸಿದರೆ ಒಳಗೆ ಪುಡಿ ಜಾರುವುದೇ ಗೊತ್ತಾಗುವುದಿಲ್ಲ. ಪ್ರೀತಿಯಿಂದ ಕೊಟ್ಟವರನ್ನು ಕೇಳಲು ಸಂಕೋಚ. ಮಡಿಕೇರಿಯಲ್ಲಿ ವಿಚಾರಿಸಿದಾಗ ಒಬ್ಬರು ಮುಳ್ಳು ನೋಡಿ ಸರಿಯಿದೆ ಎಂದರು, ಇನ್ನೊಬ್ಬರು ಪುಡಿಯನ್ನೇ ಬದಲಿಸಬೇಕೆಂದರು. ಒತ್ತಡ ಸರಿಯಿದ್ದು ಪುಡಿ ಮಾತ್ರ ಗಟ್ಟಿಯಾಗಿದ್ದರೆ ಸಿಲಿಂಡರ್ ಕೆಲಸ ಮಾಡುತ್ತದೆಯೇ? ಇಲ್ಲವಾದರೆ, ಕೊಡಗಿನಲ್ಲೇ ಪರೀಕ್ಷಿಸಿ ಪುಡಿ ತುಂಬಿಕೊಡುವವರು ಎಲ್ಲಿದ್ದಾರೆ, ಒಂದಕ್ಕೆ ಎಷ್ಟು ಖರ್ಚಾಗುತ್ತದೆ?